ಬಿಚ್ಚಲೊಲ್ಲದ ಪೆಟ್ರೋಲ್ ಪೈಪು: ಯಾವ ಟೂಲ್ ಕೊಳ್ಳಲಿ?

ಮುಲುಂಡ್ ಮಾಣಿ
ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರಿನ ಫ್ಯೂಯೆಲ್ ಫಿಲ್ಟರ್ ಬದಲಿಸಲು ಹೊರಟು ಎರಡು ಭಾನುವಾರಗಳು ಹಾಳಾದವು. ಫಿಲ್ಟರಿನ ಒಂದು ಬದಿಯ ಪೈಪು ಕಳಚಿತು. ಇನ್ನೊಂದು ಬದಿಯದು ಜಪ್ಪಯ್ಯ ಎಂದರೂ ಬರುತ್ತಿಲ್ಲ. ಕಪ್ಪು ಪ್ಲಾಸ್ಟಿಕ್ ಕನೆಕ್ಟರ್. ಹೊರಗೆ ಒತ್ತುವ ಗುಂಡಿಯಿಲ್ಲ, ಕ್ಲಿಪ್ಪು ಒಳಗಿದೆ. ಮಸ್ಜಿದ್ ಬಂದರಿನ ನಾಗದೇವಿ ಸ್ಟ್ರೀಟಿನಿಂದ ಬಳೆಯಾಕಾರದ ಟೂಲ್‌ಗಳ ಸೆಟ್ ತಂದೆ. 8 ಎಂದು ಬರೆದ ಬಳೆ ಮೊದಲ ಬದಿಗೆ ಕೆಲಸ ಮಾಡಿತು. ಈ ಬದಿಯ ಪೈಪಿಗೆ ಅದನ್ನು ತೊಡಿಸಲೇ ಆಗುವುದಿಲ್ಲ. 10 ಎಂದು ಬರೆದದ್ದು ಲೊಡಲೊಡ ಎನ್ನುತ್ತದೆ. ಯಾವ ಟೂಲ್ ಕೊಳ್ಳಲಿ? ಕಾರು ಸೊಸೈಟಿಯ ಅಂಗಳದಲ್ಲೇ ನಿಂತಿದೆ. ಸೆಕ್ರೆಟರಿ ಎರಡು ಸಲ ಬಂದು ಮೂಗು ಮುಚ್ಚಿಕೊಂಡು ಹೋದರು.

ಭೋಸರಿ ಫಿಟ್ಟರ್
ನಿಮ್ಮ ಸೆಟ್ಟೇ ತಪ್ಪು. ಈ ಬಗೆಯ ಕನೆಕ್ಟರುಗಳು ಇಂಚಿನ ಲೆಕ್ಕದವು: 5/16, 3/8. ಮಿಲಿಮೀಟರ್ ಸೆಟ್ಟನ್ನು ಅಂಗಡಿಗೆ ಹಿಂತಿರುಗಿಸಿ. ಪುಣೆಯಾಗಿದ್ದರೆ ನಾನಾ ಪೇಟೆಗೆ ಹೋಗಿ ಎನ್ನುತ್ತಿದ್ದೆ.

ಮಾಟುಂಗಾ ರಾಯರು
"ಸೆಟ್ಟೇ ತಪ್ಪು" ಎಂಬುದು ಅತಿಯಾಯಿತು. 5/16 ಇಂಚು ಎಂದರೆ 7.94 ಮಿ.ಮೀ. 8ಕ್ಕೂ ಅದಕ್ಕೂ ಅಂತರ 0.06, ಒಂದು ಕೂದಲೆಳೆ. ಅಷ್ಟಕ್ಕಾಗಿ ಅವರನ್ನು ಮತ್ತೆ ಮಸ್ಜಿದ್ ಬಂದರಿಗೆ ಲೋಕಲ್ ಹತ್ತಿಸಬೇಡಿ. 1956ರಲ್ಲೇ ಕಾನೂನು ಮಾಡಿ ಮೆಟ್ರಿಕ್ ಪದ್ಧತಿ ತಂದ ದೇಶ ಇದು.

ಮಡಗಾಂವ್ ಶೆಟ್ಟಿ
ಟೂಲಿನ ಮಾತು ಆಮೇಲೆ. ನೀವು ಪೈಪನ್ನು ಎಳೆಯುತ್ತಿದ್ದೀರಿ ತಾನೇ ಮಾರಾಯರೇ? ಲೋಹದ ಪೈಪಿನ ಸುತ್ತ ಉಬ್ಬಿದ ಏಣು ಒಂದಿರುತ್ತದೆ. ಕ್ಲಿಪ್ಪಿನ ಬೆರಳುಗಳು ಅದರ ಹಿಂದೆ ಕಚ್ಚಿ ಕೂರುತ್ತವೆ. ಎಳೆದಷ್ಟೂ ಕಚ್ಚು ಬಿಗಿಯಾಗುತ್ತದೆ. ಮೊದಲು ಕನೆಕ್ಟರನ್ನು ಪೈಪಿನ ಮೇಲೆ ಇನ್ನಷ್ಟು ಒಳಕ್ಕೆ ಒತ್ತಿ. ಒತ್ತಿ ಹಿಡಿದಂತೆಯೇ ಬಳೆಯನ್ನು ತೂರಿಸಿ, ಆಮೇಲೆ ಎಳೆಯಿರಿ. ಅಂದ ಹಾಗೆ, ಮೊದಲ ಬದಿ ಬಿಚ್ಚುವ ಮುಂಚೆ ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದ್ದಿರಾ?

ಮುಲುಂಡ್ ಮಾಣಿ
ಇಲ್ಲ. ಮೋರೆಗೆ ಚಿಮ್ಮಿತು. ಸೆಕ್ರೆಟರಿ ಮೊದಲ ಸಲ ಬಂದದ್ದು ಆಗಲೇ.

ಭೋಸರಿ ಫಿಟ್ಟರ್
ಕೂದಲೆಳೆಯಂತೆ! ರಾಯರೇ, ಇಪ್ಪತ್ತೆರಡು ವರ್ಷ ಫಿಟ್ಟಿಂಗ್ ಮಾಡಿದ್ದೇನೆ. ನಮ್ಮಲ್ಲಿ ಬೇರಿಂಗ್ ಕೂರುತ್ತದೆಯೋ ಇಲ್ಲವೋ ಎಂಬುದನ್ನು ಅರ್ಧ ಕೂದಲು ತೀರ್ಮಾನಿಸುತ್ತದೆ. ಅದೂ ಅಲ್ಲದೆ ನಿಮ್ಮ 7.94 ಪುಸ್ತಕದ ಬದನೆಕಾಯಿ. ಎಸ್‌ಎಇ ಜೆ2044, ಅಂದರೆ ಅಮೆರಿಕದ ವಾಹನ ಎಂಜಿನಿಯರುಗಳ ಸಂಘದ ಮಾನದಂಡದಲ್ಲಿ 5/16ರ ಪೈಪಿನ ತುದಿ 7.89. ನಿಮ್ಮ ಕೂದಲು ಈಗ ಹೆಚ್ಚುಕಡಿಮೆ ದುಪ್ಪಟ್ಟು ದಪ್ಪವಾಯಿತು.

ಮಾಟುಂಗಾ ರಾಯರು
ಎಸ್‌ಎಇ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಆ 7.89 ಯಾವುದರಲ್ಲಿದೆ? ಮಿಲಿಮೀಟರಿನಲ್ಲಿ! ಇಂಚಿನ ಪರವಾಗಿ ಕರೆತಂದ ಸಾಕ್ಷಿಯೇ ಕಟಕಟೆಯಲ್ಲಿ ನಿಂತು ಮಿಲಿಮೀಟರಿನ ಪರ ನುಡಿದ.

ಪಿಂಪ್ರಿ ಅಕ್ಕ
ಕೊಳ್ಳುವುದೇ ಬೇಡ. ನೀರಿನ ಬಾಟಲಿಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಪೈಪಿಗೆ ಬಿಗಿಯಾಗಿ ಸುತ್ತಿ, ಕನೆಕ್ಟರಿನೊಳಕ್ಕೆ ದೂಡಿ. ಪಟ್ಟಿಯೇ ಕ್ಲಿಪ್ಪಿನ ಬೆರಳುಗಳನ್ನು ಅಗಲಿಸುತ್ತದೆ. ಯಜಮಾನರ ಹಳೆಯ ವ್ಯಾನಿನಲ್ಲಿ ನಾನೇ ಮಾಡಿದ್ದೇನೆ. ಇಂಚು ಎಂದರೂ ಕೂರುತ್ತದೆ, ಮಿಲಿಮೀಟರ್ ಎಂದರೂ ಕೂರುತ್ತದೆ.

ವಾಶಿ ಸವಾರ
"ಕೊಳ್ಳುವುದೇ ಬೇಡ" ಎಂಬ ಈ ಬುದ್ಧಿಯಿಂದಲೇ ನಮ್ಮ ರಸ್ತೆಗಳಲ್ಲಿ ಕಾರುಗಳು ಹೊತ್ತಿ ಉರಿಯುವುದು. ಅಸಲು ಕಾರಣ ಯಾರಿಗೂ ಬೇಡ. ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾರಿನ ಓ-ರಿಂಗ್, ಕನೆಕ್ಟರ್ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅದನ್ನು ಕುಡಿದು ಉಬ್ಬಿ ಅಂಟಿಕೊಂಡಿದೆ.

ಪಿಂಪ್ರಿ ಅಕ್ಕ
ನನ್ನ ವ್ಯಾನು ಉರಿಯಲಿಲ್ಲ, ತಮ್ಮಾ. ಎಥನಾಲ್ ಕುಡಿದು ಉಬ್ಬುವುದಾದರೆ ಅವರ ಮೊದಲ ಬದಿ ಏಕೆ ಉಬ್ಬಲಿಲ್ಲ? ಅದಕ್ಕೇನು ಏಕಾದಶಿಯೇ?

ಭೋಸರಿ ಫಿಟ್ಟರ್
ಅಳತೆಯನ್ನು ಹಗುರವಾಗಿ ಕಾಣುವವರಿಗೆ ಒಂದು ಮಾತು. 1983ರಲ್ಲಿ ಕೆನಡಾದ ಬೋಯಿಂಗ್ 767 ಒಂದಕ್ಕೆ ಇಂಧನ ತುಂಬುವಾಗ ಕಿಲೋ ಬದಲು ಪೌಂಡಿನ ಲೆಕ್ಕ ಹಿಡಿದರು. ನಡು ಆಕಾಶದಲ್ಲಿ ಇಂಧನ ಮುಗಿಯಿತು. ಎಂಜಿನ್ ಇಲ್ಲದೆ ತೇಲಿಸಿಕೊಂಡು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಅಲ್ಲೂ ಯಾರೋ ಒಬ್ಬರು "ಅಷ್ಟಕ್ಕೆಲ್ಲ ಏನಾಗುತ್ತದೆ" ಎಂದಿರಬೇಕು.

ಮಾಟುಂಗಾ ರಾಯರು
ಪೌಂಡಿಗೂ ಕಿಲೋಗೂ ಎರಡು ಪಟ್ಟಿಗಿಂತ ಹೆಚ್ಚು ಅಂತರ. ಇಲ್ಲಿರುವುದು 0.11 ಮಿ.ಮೀ. ಮೇಲಾಗಿ ಮುಲುಂಡಿನವರ ಕಾರು ಹಾರುವುದಿಲ್ಲ. ಸದ್ಯಕ್ಕೆ ಓಡುವುದೂ ಇಲ್ಲ. ಆ ಅನಾಹುತ ಆದದ್ದೇ ಪೌಂಡಿಗೆ ಜೋತುಬಿದ್ದದ್ದರಿಂದ ಎಂಬುದನ್ನು ಮಾತ್ರ ನೀವು ನುಂಗಿದಿರಿ.

ಮಡಗಾಂವ್ ಶೆಟ್ಟಿ
ಕನೆಕ್ಟರಿನ ಬಾಯಲ್ಲಿ ಮಣ್ಣು ಕುಳಿತಿದೆಯೇ ನೋಡಿ. ಗೋವಾದಲ್ಲಿ ನಾನು ಬಿಚ್ಚುವ ಹತ್ತರಲ್ಲಿ ಎಂಟಕ್ಕೆ ಇದೇ ಕಾಯಿಲೆ. ಬೆರಳುಗಳ ಹಿಂದೆ ಕೆಸರು ಗಟ್ಟಿಯಾಗಿ ಕೂತರೆ ಅವು ಅಗಲುವುದಕ್ಕೆ ಜಾಗವೇ ಇರುವುದಿಲ್ಲ. ಯಾವ ಅಳತೆಯ ಟೂಲ್ ತಂದರೂ ಅಷ್ಟೇ.

ಭೋಸರಿ ಫಿಟ್ಟರ್
ರಾಯರು 5/16ರ ಬಾಲ ಹಿಡಿದು ನೇತಾಡುತ್ತಿರುವುದೇಕೆ ಗೊತ್ತೇ? ಮುಂದಿನ ಅಳತೆಗೆ ಬಂದರೆ ಬಣ್ಣ ಬಯಲಾಗುತ್ತದೆ. 3/8 ಇಂಚು 9.525 ಮಿ.ಮೀ. 10ಕ್ಕೆ ಹೋಲಿಸಿದರೆ ಅರ್ಧ ಮಿಲಿಮೀಟರ್ ಕೊರತೆ. ಇದು ಕೂದಲಲ್ಲ, ಜಡೆ. ಕುರ್ಚಿಯಲ್ಲಿ ಕುಳಿತು ಭಾಗಾಕಾರ ಮಾಡುವ ಬದಲು ಒಮ್ಮೆ ವರ್ನಿಯರ್ ಅಳತೆಗೋಲು ಕೈಯಲ್ಲಿ ಹಿಡಿ, ಗೊತ್ತಾಗುತ್ತದೆ.

ಮಾಟುಂಗಾ ರಾಯರು
"ಹಿಡಿ"? ನನಗೆ ಅರವತ್ತೆಂಟು ವರ್ಷ. ಏಕವಚನಕ್ಕೆ ಇಳಿದವರೊಂದಿಗೆ ನಾನು ಮಾತು ಮುಂದುವರಿಸುವುದಿಲ್ಲ.

ಭೋಸರಿ ಫಿಟ್ಟರ್
ಅದು ಬೆರಳು ಜಾರಿ ಆದದ್ದು, "ಹಿಡಿಯಿರಿ" ಎಂದು ಓದಿಕೊಳ್ಳಿ. 3/8ರ ಬಗ್ಗೆ ಉತ್ತರ ಕೊಡಿ.

ಮಾಟುಂಗಾ ರಾಯರು
ನಾನು ಮಾತನಾಡಿದ್ದು 5/16ರ ಬಗ್ಗೆ. ಮೇಲೆ ಹೋಗಿ ಓದಿ. 3/8ರ ಹೆಸರನ್ನು ನಾನು ಎತ್ತಿಯೇ ಇಲ್ಲ.

ಭೋಸರಿ ಫಿಟ್ಟರ್
ಮಾತು ಮುಂದುವರಿಸುವುದಿಲ್ಲ ಎಂದಿರಿ?

ವಾಶಿ ಸವಾರ
ಇಬ್ಬರೂ ಬಿಡಿ. ಎರಡು ಸ್ಕ್ರೂಡ್ರೈವರ್ ಹಾಕಿ ಎರಡು ಕಡೆಯಿಂದ ಮೀಟಿದರೆ ಬಂದೇ ಬರುತ್ತದೆ.

ಪಿಂಪ್ರಿ ಅಕ್ಕ
ಬರುತ್ತದೆ, ತುಂಡಾಗಿ. ನನ್ನ ಬಾಟಲಿಗೆ ಬೆಂಕಿಯ ಭಯ, ನಿಮ್ಮ ಸ್ಕ್ರೂಡ್ರೈವರಿಗೆ ಮಾತ್ರ ದೇವರ ಅಭಯವೋ?

ಮುಲುಂಡ್ ಮಾಣಿ
ಇಂದು ಬಿಚ್ಚಿತು! ಕೆಳಗಿನ ಮಹಡಿಯ ಹುಡುಗ ವರ್ನಿಯರ್ ತಂದು ಅಳೆದ. ಮೊದಲ ಬದಿಯ ಪೈಪು 7.9, ಈ ಬದಿಯದು 9.5. ಒಂದೇ ಫಿಲ್ಟರಿಗೆ ಎರಡು ಅಳತೆ ಎಂದು ನನಗೆ ಹೊಳೆದೇ ಇರಲಿಲ್ಲ. 3/8 ಎಂದು ಬರೆದ ಬಳೆಯನ್ನು ಒಬ್ಬ ಮೆಕ್ಯಾನಿಕ್ ಬಳಿ ಎರವಲು ತಂದೆ. ಆದರೂ ಅದು ಪೂರ್ತಿ ಒಳಗೆ ಹೋಗಲಿಲ್ಲ. ಎಲ್‌ಇಡಿ ಟಾರ್ಚ್ ಹಿಡಿದು ನೋಡಿದರೆ ಕನೆಕ್ಟರಿನ ಬಾಯಿಯ ಸುತ್ತ ಸಿಮೆಂಟಿನಂತಹ ಕೆಂಪು ಮಣ್ಣು. ಮೂರು ವರ್ಷ ಕೊಂಕಣಕ್ಕೆ ಓಡಾಡಿದ ಗುರುತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಾಬೂನು ನೀರು ಹಾಕಿ ಉಜ್ಜಿದೆ, ಕಾಲು ಚಮಚದಷ್ಟು ಉದುರಿತು. ಶೆಟ್ಟರು ಹೇಳಿದಂತೆ ಒಳಕ್ಕೆ ಒತ್ತಿದೆ, ಬಳೆ ದೂಡಿದೆ. "ಟಿಕ್" ಎಂದಿತು. ಪೈಪು ಬೆಣ್ಣೆಯಂತೆ ಈಚೆ ಬಂತು.

ಭೋಸರಿ ಫಿಟ್ಟರ್
"3/8 ಎಂದು ಬರೆದ ಬಳೆ." ಎಲ್ಲರೂ ಇನ್ನೊಮ್ಮೆ ಓದಿ. ಇಂಚು!

ಮಾಟುಂಗಾ ರಾಯರು
"7.9, 9.5." ಹುಡುಗ ಅಳೆದದ್ದು ಯಾವುದರಲ್ಲಿ ಎಂಬುದನ್ನೂ ಓದಲಿ. 7.9ರ ಪೈಪಿಗೆ 8ರ ಬಳೆ ಮೊದಲ ದಿನವೇ ಕೆಲಸ ಮಾಡಿತ್ತು ಎಂಬುದನ್ನೂ.

ವಾಶಿ ಸವಾರ
ಓ-ರಿಂಗ್ ಉಬ್ಬಿತ್ತೇ? ಅದನ್ನೇಕೆ ಬರೆದಿಲ್ಲ?

ಮುಲುಂಡ್ ಮಾಣಿ
ಓ-ರಿಂಗ್ ಚೆನ್ನಾಗಿತ್ತು. ಹೊಸ ಫಿಲ್ಟರ್ ಕೂರಿಸಿದ್ದೇನೆ. ಸ್ಟಾರ್ಟ್ ಮಾಡುವ ಮೊದಲು ಇನ್ನೇನಾದರೂ ನೋಡಬೇಕೇ?

ಮಡಗಾಂವ್ ಶೆಟ್ಟಿ
ಎರಡೂ ಪೈಪುಗಳನ್ನು ಕೈಯಿಂದ ಜಗ್ಗಿ ನೋಡಿ, ಬರಬಾರದು. ಫ್ಯೂಸ್ ಕೀಳದೆಯೇ ಬಿಚ್ಚಿದವರು ನೀವು, ಹಾಗಾಗಿ ಅದನ್ನು ಮರಳಿ ಹಾಕುವ ಚಿಂತೆಯಿಲ್ಲ. ಕೀಲಿಯನ್ನು ಮೂರು ಸಲ ಆನ್ ಮಾಡಿ ಆಫ್ ಮಾಡಿ, ಪಂಪು ಒತ್ತಡ ಕಟ್ಟುತ್ತದೆ. ಆಗ ಕೆಳಗೆ ಬಗ್ಗಿ ಹನಿ ಇದೆಯೇ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ.

ಭೋಸರಿ ಫಿಟ್ಟರ್
ಮೂರು ಸಲ ಏಕೆ? ಎರಡು ಸಾಕು.