ಯಜಮಾನರು ತೀರಿಕೊಂಡ ಮೇಲೆ ಉಳಿದ ಸಾಲ: ಪೌತಿ ಖಾತೆ ಮೊದಲೋ, ಸಾಲದ ಮಾತುಕತೆ ಮೊದಲೋ?

ಸೋಗೆಮನೆ:
ತೀರ್ಥಹಳ್ಳಿ ತಾಲ್ಲೂಕಿನ ಒಂದು ಕುಟುಂಬದ ವಿಷಯ. ಯಜಮಾನರು 53ನೇ ವಯಸ್ಸಿಗೆ ತೀರಿಕೊಂಡು ಎರಡು ತಿಂಗಳಾಯಿತು. ಉಯಿಲು ಇಲ್ಲ. ಹೆಂಡತಿ, ಮಗ, ಮದುವೆಯಾದ ಮಗಳು, ವಯಸ್ಸಾದ ತಾಯಿ ಇದ್ದಾರೆ. 2 ಎಕರೆ ಸ್ವಯಾರ್ಜಿತ ಅಡಿಕೆ ತೋಟ, ಎಲೆಚುಕ್ಕೆ ರೋಗ ಬಂದು ಫಸಲು ಅರ್ಧಕ್ಕಿಳಿದಿದೆ. ಸೊಸೈಟಿ ಬೆಳೆಸಾಲ 3 ಲಕ್ಷ, ತೋಟ ಅಡವಿಟ್ಟ ಬ್ಯಾಂಕ್ ಸಾಲ 9 ಲಕ್ಷ, ಕೈಗಡ 2 ಲಕ್ಷ, ಹೆಂಡತಿ ಹೆಸರಿನಲ್ಲಿ ಮೈಕ್ರೋಫೈನಾನ್ಸ್ 60 ಸಾವಿರ. ಕೈಗಡ ಕೊಟ್ಟವರ ಹತ್ತಿರ ಪ್ರೋನೋಟೂ (ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಪತ್ರ) ಸಹಿ ಹಾಕಿದ ಖಾಲಿ ಚೆಕ್ಕೂ ಇವೆ. ಈಗ ಮಗ ಹೊಸ ನೋಟಿಗೆ ಸಹಿ ಹಾಕಲಿ ಎನ್ನುತ್ತಿದ್ದಾರೆ. ಪೌತಿ ಖಾತೆಯಿಂದ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಶುರು ಮಾಡುವುದೋ, ಸಾಲದ ಮಾತುಕತೆಯಿಂದಲೋ?

ತುಂಗೆದಂಡೆ:
ಮೊದಲು ಆ ಹೊಸ ನೋಟಿನ ಮಾತು. ಸಹಿ ಹಾಕಬೇಡಿ ಮಾರಾಯ್ರೆ. ಅಪ್ಪನ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅಪ್ಪನಿಂದ ಬಂದ ಆಸ್ತಿಯ ಬೆಲೆಯಷ್ಟಕ್ಕೆ ಮಾತ್ರ. ಮಗ ಸ್ವಂತ ದುಡಿದದ್ದಕ್ಕೆ ಕೈ ಹಾಕುವಂತಿಲ್ಲ. ಹೊಸ ನೋಟಿಗೆ ಸಹಿ ಬಿದ್ದರೆ ಅದು ಮಗನದೇ ಸಾಲ, ಆ ರಕ್ಷಣೆ ಅಲ್ಲಿಗೆ ಮುಗಿಯಿತು. ಹಳೆ ನೋಟಿನ ತಾರೀಖು ನೋಡಿ, ಹಿಂಬದಿಯಲ್ಲಿ ‘ಇಷ್ಟು ಸಂದಿದೆ’ ಎಂಬ ಬರಹವಿದೆಯೇ ನೋಡಿ. ಬೇಡಿಕೆ ನೋಟಿಗೆ (ಕೇಳಿದಾಗ ಕೊಡುತ್ತೇನೆಂದು ಬರೆದ ಪ್ರೋನೋಟು) ದಾವೆ ಹೂಡಲು 3 ವರ್ಷ ಗಡುವು. ಗಡುವಿನೊಳಗೆ ಸ್ವಲ್ಪ ಹಣ ಕೊಟ್ಟು ಸಹಿ ಮಾಡಿದ್ದರೆ ಆ ದಿನದಿಂದ ಎಣಿಕೆ ಮತ್ತೆ ಶುರು. ಖಾಲಿ ಚೆಕ್ಕಿಗೆ ಹೆದರುವುದು ಬೇಡ. ಸತ್ತವರ ಚೆಕ್ ಬೌನ್ಸಾಯಿತೆಂದು ವಾರಸುದಾರರ ಮೇಲೆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ.

ಇನ್ನೊಂದು, ಪಾಸ್‌ಬುಕ್ ಎಂಟ್ರಿ ಮಾಡಿಸಿ. ಮೇ ಕೊನೆಯಲ್ಲಿ 436 ರೂ. ಕಡಿತವಾಗಿದ್ದರೆ ಅದು ಜೀವನ ಜ್ಯೋತಿ ವಿಮೆ. 55 ತುಂಬುವ ಮೊದಲೇ ತೀರಿಕೊಂಡದ್ದರಿಂದ 2 ಲಕ್ಷ ಬರುತ್ತದೆ. 20 ರೂ. ಕಡಿತವಾಗಿದ್ದರೆ ಅದು ಅಪಘಾತಕ್ಕೆ ಮಾತ್ರ. ಅಡವಿನ ಸಾಲಕ್ಕೂ ವಿಮೆ ಮಾಡಿಸಿರಬಹುದು, ಬ್ಯಾಂಕಿಗೆ ಲಿಖಿತವಾಗಿ ಕೇಳಿ. ಬಾಯಲ್ಲಿ ಕೇಳಿದರೆ ‘ಇಲ್ಲ’ ಅಂದುಬಿಡುವುದು ಸುಲಭ.

ಪಹಣಿಕಾಲಂ9:
ಪೌತಿ ಖಾತೆ ತಡಮಾಡಬೇಡಿ, ಮಾತುಕತೆ ಜೊತೆಜೊತೆಗೇ ನಡೆಯಲಿ. ನಾಡಕಚೇರಿಯಲ್ಲಿ ವಂಶವೃಕ್ಷ, ಮರಣ ಪ್ರಮಾಣಪತ್ರ, ಎಲ್ಲರ ಆಧಾರ್ ಇಟ್ಟು ಅರ್ಜಿ. ಎಡವುವುದು ವಂಶವೃಕ್ಷದಲ್ಲಿ: ಅಜ್ಜಿಯನ್ನೂ ಮದುವೆಯಾದ ಮಗಳನ್ನೂ ಬಿಟ್ಟು ಬರೆಸುತ್ತಾರೆ. ಸ್ವಯಾರ್ಜಿತಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ನಾಲ್ವರಿಗೂ ಕಾಲು ಕಾಲು ಪಾಲು. ಮಗಳು ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಬರೀ ಛಾಪಾ ಕಾಗದದ ಸಹಿ ನಡೆಯದು.

ಪೌತಿಯಾದರೂ ಪಹಣಿಯ 11ನೇ ಕಾಲಂನ ಋಣ ಹೋಗುವುದಿಲ್ಲ. ಆದರೆ ಪೌತಿ ಇಲ್ಲದೆ ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಜಮೀನು ಸೇರುವುದಿಲ್ಲ, ಹೊಸ ಬೆಳೆಸಾಲವೂ ಸಿಗುವುದಿಲ್ಲ. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ತೋಟವನ್ನು ನೆಂಟರ ಹೆಸರಿಗೆ ಬರೆಯುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಥ ವರ್ಗಾವಣೆಯನ್ನು ಕೋರ್ಟ್ ರದ್ದು ಮಾಡಬಹುದು.

ಕೊಳೆಔಷಧಿ:
ಸೊಸೈಟಿ ಸಾಲದ ಗಡುವು ಯಾವತ್ತು? ಶೂನ್ಯ ಬಡ್ಡಿ ಸಿಗುವುದು ಗಡುವಿನೊಳಗೆ ಕಟ್ಟಿದರೆ ಮಾತ್ರ. ಇರುವ ಹಣದಲ್ಲಿ ಮೊದಲು ಅದನ್ನೇ ಮುಗಿಸುವುದು ಲೇಸು, ಇಲ್ಲದಿದ್ದರೆ ಜಾಮೀನು ಹಾಕಿದ ಊರವರಿಗೆ ನೋಟಿಸ್ ಹೋಗುತ್ತದೆ. ಮಂಡಿಯಲ್ಲಿ ಮುಂಗಡ ತೆಗೆದಿದ್ದರೋ ವಿಚಾರಿಸಿ. ಇದ್ದರೆ ಅಡಿಕೆ ಹಾಕಿದ ಕೂಡಲೇ ಮುರಿದುಕೊಳ್ಳುತ್ತಾರೆ, ಆ ಹಣ ನಂಬಿ ಬ್ಯಾಂಕಿಗೆ ಮಾತು ಕೊಟ್ಟರೆ ಕೆಟ್ಟಿರಿ.

ತುಂಗೆದಂಡೆ:
ಬ್ಯಾಂಕಿನ 9 ಲಕ್ಷದ ಬಗ್ಗೆ. 2002ರ ಸರ್ಫೇಸಿ ಕಾಯಿದೆ (ಕೋರ್ಟಿಗೆ ಹೋಗದೆ ಬ್ಯಾಂಕೇ ಅಡವಿನ ಆಸ್ತಿ ಹರಾಜು ಹಾಕುವ ಕಾನೂನು) ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಆದರೆ ನಿಜಕ್ಕೂ ಸಾಗುವಳಿ ಇದೆಯೆಂದು ತೋರಿಸುವ ಹೊಣೆ ನಿಮ್ಮದು. ಪಹಣಿ, ಅಡಿಕೆ ಮಾರಿದ ಪಟ್ಟಿ ಜೋಪಾನ. ಕಾಫಿ ತೋಟಗಳಿಗೆ ಹರಾಜು ನೋಟಿಸ್ ಬಂದ ಉದಾಹರಣೆಗಳಿವೆ. ಭೂಪರಿವರ್ತನೆಯಾದ ಜಾಗದ ಮನೆಗೂ ವಿನಾಯಿತಿ ಇಲ್ಲ. ನೋಟಿಸ್ ಬಂದರೆ 60 ದಿನ ಸಮಯ. ಅದರೊಳಗೆ ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಸರ್ಫೇಸಿ ಇಲ್ಲವೆಂದರೆ ಸಾಲ ತೀರಿತೆಂದಲ್ಲ, ಅಡವಿನ ಮೇಲೆ ದಾವೆಗೆ 12 ವರ್ಷ ಅವಕಾಶವಿದೆ.

ಹಾಗಾಗಿ ಒಟಿಎಸ್ (ಕಡಿಮೆ ಮೊತ್ತಕ್ಕೆ ಲೆಕ್ಕ ಚುಕ್ತಾ ಮಾಡುವ ಒಪ್ಪಂದ) ಕೇಳಿ. ಕಂತುಗಳನ್ನು ಅಡಿಕೆ ಸುಗ್ಗಿಗೆ ಹೊಂದಿಸಿಕೊಳ್ಳಿ, ಮಳೆಗಾಲದಲ್ಲಿ ಕಂತು ಒಪ್ಪಬೇಡಿ. ಕೊನೆ ಕಂತು ತಪ್ಪಿದರೆ ಒಪ್ಪಂದವೇ ರದ್ದಾಗಿ ಪೂರ್ತಿ ಬಾಕಿ ಮತ್ತೆ ಮೇಲೇಳಬಹುದು. ಬ್ಯಾಂಕ್ ಒಪ್ಪದಿದ್ದರೆ ಲೋಕ ಅದಾಲತ್. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೆಂಡತಿಯ ಹೆಸರಿನಲ್ಲೇ ಅರ್ಜಿ ಹಾಕಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಆದರೆ ಅದಾಲತ್‌ನಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ, ಕಟ್ಟಲಾಗದ ಮೊತ್ತಕ್ಕೆ ತಲೆಯಾಡಿಸಬೇಡಿ.

ಸೋಗೆಮನೆ:
ಮೈಕ್ರೋಫೈನಾನ್ಸ್‌ನವರು ರಾತ್ರಿ ಮನೆಗೆ ಬರುತ್ತಾರೆ.

ಪಹಣಿಕಾಲಂ9:
ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬೆದರಿಸಿದರೆ 2025ರ ರಾಜ್ಯ ಕಾನೂನಿನಡಿ ಪೊಲೀಸ್ ದೂರು ಕೊಡಿ. ಸಾಲದ ಕಾರ್ಡ್ ಕೂಡ ತೆಗೆದು ನೋಡಿ: ವಿಮೆ ಕಂತು ಹಿಡಿದಿದ್ದರೆ ಎಷ್ಟೋ ಕಡೆ ಗಂಡ ತೀರಿಕೊಂಡರೂ ಬಾಕಿ ಮನ್ನಾ ಆಗುತ್ತದೆ. ಮರಣ ಪ್ರಮಾಣಪತ್ರದ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.