ಮನ್ರೋ ಘೋಷಣೆ: ಯಾವ ಬಲದ ಮೇಲೆ?

ಪ್ರಶ್ನೆ:
ಯುಪಿಎಸ್‌ಸಿ ಮೇನ್ಸ್‌ಗೆ ಓದುತ್ತಿದ್ದೇನೆ. ಅಮೆರಿಕ ಖಂಡಗಳಲ್ಲಿ ಇನ್ನು ಯುರೋಪಿನವರು ಹೊಸ ವಸಾಹತು ಮಾಡುವಂತಿಲ್ಲ ಎಂದು ಅಧ್ಯಕ್ಷ ಜೇಮ್ಸ್ ಮನ್ರೋ 1823ರ ಡಿಸೆಂಬರ್ 2ರಂದು ಸಾರಿದರು. ಅದಕ್ಕೆ ಒಂಬತ್ತು ವರ್ಷ ಮೊದಲಷ್ಟೇ ಬ್ರಿಟಿಷರು ವಾಷಿಂಗ್ಟನ್‌ಗೆ ನುಗ್ಗಿ ಅಧ್ಯಕ್ಷರ ಮನೆಗೇ ಬೆಂಕಿ ಇಟ್ಟಿದ್ದರು. ನೌಕಾಪಡೆಯೂ ಚಿಕ್ಕದು. ಇಷ್ಟು ದೊಡ್ಡ ಮಾತಿಗೆ ಧೈರ್ಯ ಎಲ್ಲಿಂದ ಬಂತು?

ಉತ್ತರ 1:
ಬ್ರಿಟನ್ ನೌಕಾಪಡೆಯಿಂದ. ಸ್ಪೇನ್ ಕಳೆದುಕೊಂಡ ವಸಾಹತುಗಳಲ್ಲಿ ಬ್ರಿಟಿಷ್ ವರ್ತಕರಿಗೆ ಒಳ್ಳೆ ವ್ಯಾಪಾರ ಇತ್ತು. ಸ್ಪೇನ್ ಮರಳಿ ಬಂದರೆ ಅದು ಹೋಗುತ್ತಿತ್ತು, ಹಾಗಾಗಿ ಅದನ್ನು ತಡೆಯುವುದು ಬ್ರಿಟನ್ನಿಗೂ ಬೇಕಿತ್ತು. ಸ್ಪೇನ್ ಪರವಾಗಿ ಅಲ್ಲಿಗೆ ಸೈನ್ಯ ಕಳಿಸುವುದಿಲ್ಲ ಎಂದು ಫ್ರಾನ್ಸ್ ಅಕ್ಟೋಬರ್‌ನಲ್ಲೇ ಬ್ರಿಟನ್ನಿಗೆ ಹೇಳಿಯಾಗಿತ್ತು.

ಉತ್ತರ 2:
ಸರಿಯಾದ ಮಾತು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಈ ಪಾಠದಲ್ಲಿ ಮನ್ರೋಗಿಂತ ಜಾಸ್ತಿ ಹೊತ್ತು ಅವರ ವಿದೇಶಾಂಗ ಮಂತ್ರಿ ಜಾನ್ ಕ್ವಿನ್ಸಿ ಆಡಮ್ಸ್‌ಗೆ ಕೊಡುತ್ತೇನೆ.

ಬ್ರಿಟನ್, ಅಮೆರಿಕ ಎರಡೂ ಸೇರಿ ಈ ಬಗ್ಗೆ ಹೇಳಿಕೆ ಕೊಡೋಣ ಎಂದು ಆಗಸ್ಟ್‌ನಲ್ಲಿ ಮೊದಲು ಕೇಳಿದ್ದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಜಾರ್ಜ್ ಕ್ಯಾನಿಂಗ್. ಮನ್ರೋ ಸಲಹೆ ಕೇಳಿದಾಗ ಮಾಜಿ ಅಧ್ಯಕ್ಷರಾದ ಜೆಫರ್ಸನ್, ಮ್ಯಾಡಿಸನ್ ಇಬ್ಬರೂ ಒಪ್ಪಿಕೊಳ್ಳಿ ಅಂದರು. ಆಡಮ್ಸ್ ಬಗ್ಗಲಿಲ್ಲ. ಬ್ರಿಟಿಷ್ ಯುದ್ಧನೌಕೆಯ ಹಿಂದೆ ಪುಟ್ಟ ದೋಣಿಯಂತೆ ಹೋಗುವುದು ಬೇಡ, ರಷ್ಯಾ ಮತ್ತು ಫ್ರಾನ್ಸ್‌ಗೆ ನಾವೇ ನೇರವಾಗಿ ಹೇಳೋಣ ಎಂದು ವಾದಿಸಿದರು.

ಸ್ವಾಭಿಮಾನ ಒಂದೇ ಕಾರಣವಲ್ಲ. ಸ್ಪೇನಿನ ಹಳೆಯ ನೆಲವನ್ನು ನಾವಿಬ್ಬರೂ ಮುಟ್ಟುವುದಿಲ್ಲ ಎಂಬ ಸಾಲೂ ಕ್ಯಾನಿಂಗ್ ಪ್ರಸ್ತಾಪದಲ್ಲಿತ್ತು. ಅದಕ್ಕೆ ಒಪ್ಪಿದ್ದರೆ ಟೆಕ್ಸಾಸ್, ಕ್ಯೂಬಾದ ಆಸೆ ಬಿಡಬೇಕಿತ್ತಲ್ವಾ? ವಿದ್ಯಾರ್ಥಿಗಳು ಹೆಚ್ಚಾಗಿ ಬಿಡುವುದು ಇದನ್ನೇ, ನನಗೆ ಇಡೀ ಘೋಷಣೆ ಅರ್ಥವಾಗುವುದೂ ಇದರಿಂದಲೇ.

ಇನ್ನೊಂದು, ಹೊಸ ವಸಾಹತು ಬೇಡ ಎಂಬ ಮಾತು ಮುಖ್ಯವಾಗಿ ರಷ್ಯಾಕ್ಕೆ. 1821ರಲ್ಲಿ ಜಾರ್ ದೊರೆ, ಆಗ ರಷ್ಯಾದ ಕೈಯಲ್ಲಿದ್ದ ಅಲಾಸ್ಕಾದಿಂದ ಕೆಳಗೆ 51 ಡಿಗ್ರಿ ಅಕ್ಷಾಂಶದವರೆಗೂ ಕರಾವಳಿ ತನ್ನದೆಂದಿದ್ದ. 1824ರ ಒಪ್ಪಂದದಲ್ಲಿ ರಷ್ಯಾ 54 ಡಿಗ್ರಿ 40 ನಿಮಿಷಕ್ಕೆ ಹಿಂದೆ ಸರಿಯಿತು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಸರ್. ದಕ್ಷಿಣದ ಹೊಸ ದೇಶಗಳಿಗೆ ಇದರಿಂದ ಏನು ಸಿಕ್ಕಿತು?

ಉತ್ತರ 2:
ಆಗ ಹೆಚ್ಚೇನೂ ಸಿಗಲಿಲ್ಲ. 1824ರಲ್ಲಿ ಕೊಲಂಬಿಯಾ ಇದೇ ಮಾತನ್ನು ನಂಬಿ ಮೈತ್ರಿ ಕೇಳಿತು. ಆಡಮ್ಸ್ ಒಪ್ಪಲಿಲ್ಲ. 1833ರಲ್ಲಿ ಬ್ರಿಟನ್ ಫಾಕ್‌ಲ್ಯಾಂಡ್ ದ್ವೀಪಗಳನ್ನು ವಶಮಾಡಿಕೊಂಡಾಗ ಅಮೆರಿಕ ಸುಮ್ನೆ ಇತ್ತು. ಮೆಕ್ಸಿಕೋಗಂತೂ ನಷ್ಟವಾದದ್ದು ಯುರೋಪಿನಿಂದಲ್ಲ. 1845ರಲ್ಲಿ ಟೆಕ್ಸಾಸ್ ಅಮೆರಿಕಕ್ಕೆ ಸೇರಿತು, 1848ರಲ್ಲಿ ಯುದ್ಧ ಸೋತು ಕ್ಯಾಲಿಫೋರ್ನಿಯಾವೂ ಹೋಯಿತು. ಉತ್ತರ ಬರೆಯುವಾಗ ಈ ಎರಡು ಇಸವಿಗಳನ್ನು ಕ್ಯಾನಿಂಗ್ ಅವರ ಆ ಸಾಲಿನ ಜೊತೆಗೇ ಬರೆಯಿರಿ.