ಹಳೇ ಲಾರಿ ಚಾಸಿ: ಈ ವಾರ ಬ್ಲಾಸ್ಟಿಂಗ್, ಮುಂದಿನ ವಾರ ಪ್ರೈಮರ್, ನಡೆಯುತ್ತಾ?

ಹಳೇಗಾಲಿ

ಎಲ್ಲರಿಗೂ ನಮಸ್ಕಾರ. 50 ವರ್ಷ ದಾಟಿದ ಒಂದು ಲಾರಿ ಬಿಚ್ಚಿ ಹಾಕಿದ್ದೇನೆ. ಕ್ಯಾಬಿನ್, ಎಂಜಿನ್, ಆಕ್ಸಲ್ ಎಲ್ಲಾ ಇಳಿಸಿ ಆಯ್ತು, ಈಗ ಬರೀ ಚಾಸಿ ಸ್ಟ್ಯಾಂಡ್ ಮೇಲೆ ಕೂತಿದೆ. ಸುಮಾರು 6 ಮೀಟರ್ ಉದ್ದ, ಪೂರ್ತಿ ರಿವೆಟ್ ಜೋಡಣೆ. ತುಕ್ಕು, ಅದರ ಮೇಲೆ ಹಳೇ ಬಣ್ಣ, ಅದರ ಮೇಲೆ ಬೆರಳು ದಪ್ಪ ಗ್ರೀಸು ಮಣ್ಣು. ಗ್ರೈಂಡರ್‌ಗೆ ವೈರ್ ಬ್ರಶ್ ಹಾಕಿ ಎರಡು ದಿನ ಉಜ್ಜಿದೆ, ಒಂದು ಮೊಳ ಜಾಗ ಹೊಳೆಯಿತು, ಕೈ ಮಾತ್ರ ಬಿದ್ದು ಹೋಯಿತು.

ಹಾಗಾಗಿ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಹೊಡೆದು ತುಕ್ಕು ಬಣ್ಣ ಕೀಳುವುದು, ಮಾಡೋಣ ಅಂತ ಯೋಚನೆ. ನನ್ನ ಹತ್ತಿರ 12 ಸಿಎಫ್‌ಎಂ (ನಿಮಿಷಕ್ಕೆ 12 ಘನ ಅಡಿ ಗಾಳಿ) ಕೊಡುವ ಕಂಪ್ರೆಸರ್ ಇದೆ. ಮರಳನ್ನೇ ಚೆನ್ನಾಗಿ ಒಣಗಿಸಿ ಜರಡಿ ಹಿಡಿದು ಹೊಡೆದರೆ ಸಾಕಾ? ನನಗೆ ಬಿಡುವು ಇರುವುದು ಭಾನುವಾರ ಮಾತ್ರ. ಈ ಭಾನುವಾರ ಬ್ಲಾಸ್ಟಿಂಗ್, ಮುಂದಿನ ಭಾನುವಾರ ಪ್ರೈಮರ್ ಅಂದರೆ ತೊಂದರೆ ಇದೆಯಾ? ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಿಡಿಸಿ ಒಲೆಯಲ್ಲಿ ಕಾಯಿಸುವುದು) ಮಾಡಿಸಿ ಅಂತ ಒಬ್ಬರು ಹೇಳಿದರು, ಅದೂ ತಲೆಯಲ್ಲಿದೆ.

ಗಾರ್ನೆಟ್‌ಧೂಳು

ಮೊದಲು ಆ ಮರಳು ಬಿಟ್ಟುಬಿಡಿ ಸರ್. ತಮಾಷೆ ಅಲ್ಲ. ಮರಳಿನಲ್ಲಿ ಇರುವುದು ಸಿಲಿಕಾ, ಕಬ್ಬಿಣಕ್ಕೆ ಬಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ, ಅದು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್, ಬಂದ ಮೇಲೆ ಅದು ವಾಸಿಯಾಗುವ ಕಾಯಿಲೆ ಅಲ್ಲ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಏನೂ ಪ್ರಯೋಜನ ಇಲ್ಲ. ಗಾರ್ನೆಟ್ (ಒಂದು ಗಟ್ಟಿ ಖನಿಜದ ಪುಡಿ) ಅಥವಾ ಸ್ಲ್ಯಾಗ್ ಗ್ರಿಟ್ (ಲೋಹ ಕರಗಿಸಿದಾಗ ಉಳಿಯುವ ಕಿಟ್ಟದ ಕಾಳು) ಬಳಸಿ. ಆಗಲೂ ಹೊರಗಿನಿಂದ ಶುದ್ಧ ಗಾಳಿ ಬರುವ ಹೆಲ್ಮೆಟ್ ಬೇಕೇ ಬೇಕು, ಯಾಕಂದರೆ ಅಷ್ಟು ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಡಿಯಲ್ಲಿ ಕೆಂಪು ಪ್ರೈಮರ್ ಕಂಡರಂತೂ ಮೊದಲು ಪರೀಕ್ಷೆ ಮಾಡಿಸಿ.

ಇನ್ನು ಕಂಪ್ರೆಸರ್. 100 ಪಿಎಸ್‌ಐ ಒತ್ತಡದಲ್ಲಿ 3 ಮಿ.ಮೀ. ನಾಜಲ್‌ಗೇ ಸುಮಾರು 20 ಸಿಎಫ್‌ಎಂ ಬೇಕು. 5 ಮಿ.ಮೀ.ಗೆ 45ರ ಹತ್ತಿರ, 6 ಮಿ.ಮೀ. ದಾಟಿದರೆ 80. ನಿಮ್ಮ 12ರಲ್ಲಿ ಸ್ವಲ್ಪ ಹೊಡೆಯುವುದು, ಟ್ಯಾಂಕ್ ತುಂಬಲಿ ಅಂತ ಕಾಯುವುದು, ಮತ್ತೆ ಸ್ವಲ್ಪ ಹೊಡೆಯುವುದು. ಸಣ್ಣಪುಟ್ಟ ಬ್ರಾಕೆಟ್ ಮಾಡಿಕೊಳ್ಳಬಹುದು, 6 ಮೀಟರ್ ಚಾಸಿ ಆಗದ ಮಾತು. ದೊಡ್ಡ ಮಷೀನ್ ಇರುವವರಿಗೆ ಕೊಡಿ.

ಆದರೆ ಗ್ರೀಸ್ ಕೆರೆಯುವ ಕೆಲಸ ನಿಮ್ಮದೇ. ಗ್ರೀಸ್ ಮೇಲೆ ಗ್ರಿಟ್ ಹೊಡೆದರೆ ಅದು ಹೋಗುವುದಿಲ್ಲ, ಕಬ್ಬಿಣದ ಗೀರುಗಳ ಒಳಗೆ ಕೂತುಬಿಡುತ್ತದೆ. ನೋಡಲು ಬಿಳಿಚಿಕೊಂಡು ಚೆನ್ನಾಗಿಯೇ ಕಾಣುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಎರಡನೇಕೋಟ್

ಭಾನುವಾರದಿಂದ ಭಾನುವಾರಕ್ಕೆ? ಬೇಡವೇ ಬೇಡ. ನಾನು ಮಾಡಿದ ತಪ್ಪು ಹೇಳುತ್ತೇನೆ ಕೇಳಿ. ಸಂಜೆ ಬ್ಲಾಸ್ಟಿಂಗ್ ಮುಗಿಯಿತು, ಕತ್ತಲಾಯಿತು, ಬೆಳಿಗ್ಗೆ ಎದ್ದು ಪ್ರೈಮರ್ ಹೊಡೆಯೋಣ ಅಂತ ಟಾರ್ಪಾಲ್ ಹೊದೆಸಿ ಮಲಗಿದೆ. ಟಾರ್ಪಾಲ್ ಅಡಿಯಲ್ಲಿ ತೇವ ಕಟ್ಟಿ ಬೆಳಿಗ್ಗೆಗೆ ಇಡೀ ಚಾಸಿ ಕೇಸರಿ ಬಣ್ಣ! ಮತ್ತೆ ಮೊದಲಿನಿಂದ ಬ್ಲಾಸ್ಟಿಂಗ್. ಬರೀ ಕಬ್ಬಿಣಕ್ಕೆ ತುಕ್ಕು ಹಿಡಿಯಲು ದಿನಗಳು ಬೇಡ, ಗಂಟೆಗಳು ಸಾಕು. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಬರುತ್ತದೆ. ಗ್ಲೌಸ್ ಹಾಕಿ.

ಅದಕ್ಕೇ ಬೆಳಿಗ್ಗೆ ಬ್ಲಾಸ್ಟಿಂಗ್, ಒಣ ಗಾಳಿಯಲ್ಲಿ ಧೂಳು ಊದುವುದು, ಅದೇ ಮಧ್ಯಾಹ್ನ ಎಪಾಕ್ಸಿ ಪ್ರೈಮರ್. ಗಾಳಿಯ ತೇವಾಂಶ 85% ಮೀರಿದ್ದರೆ ಅವತ್ತು ಕೆಲಸವೇ ಬೇಡ. ಕಬ್ಬಿಣದ ಬಿಸಿ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಬ್ಲಾಸ್ಟಿಂಗ್ ಮಾಡುವವರಿಗೆ ಎಸ್‌ಎ 2½ ದರ್ಜೆ (ಹೆಚ್ಚುಕಡಿಮೆ ಬರೀ ಕಬ್ಬಿಣ ಕಾಣುವಷ್ಟು ಸ್ವಚ್ಛ), 50ರಿಂದ 75 ಮೈಕ್ರಾನ್ ಒರಟುತನ ಅಂತ ಹೇಳಿ, ಅವರಿಗೆ ಅರ್ಥ ಆಗುತ್ತದೆ.

ಸ್ಪ್ರೇ ಗನ್ ಎತ್ತುವ ಮೊದಲು ಒಂದು ಬ್ರಶ್ ತೆಗೆದುಕೊಂಡು ಚಾನಲ್‌ನ (ಚಾಸಿಯ ಉದ್ದದ ತೊಲೆ) ಅಂಚು, ರಿವೆಟ್ ತಲೆ, ತೂತಿನ ಸುತ್ತ ಅದೇ ಪ್ರೈಮರ್ ಒಂದು ಕೈ ಬಳಿಯಿರಿ. ಬಣ್ಣ ಒಣಗುವಾಗ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ, ತುಕ್ಕು ಮೊದಲು ಶುರುವಾಗುವುದೂ ಅಲ್ಲೇ. ಬೇಜಾರಿನ ಕೆಲಸ, ಆದರೆ ಬಿಡಬೇಡಿ.

ಎಪಾಕ್ಸಿ ಬಿಸಿಲಿಗೆ ಪುಡಿ ಪುಡಿ ಆಗುತ್ತದೆ, ಹಾಗಾಗಿ ಮೇಲೆ ಎರಡು ಪ್ಯಾಕ್ (ಬಣ್ಣಕ್ಕೆ ಹಾರ್ಡನರ್ ಬೆರೆಸಿ ಹೊಡೆಯುವ) ಪಾಲಿಯುರೆಥೇನ್ ಕಪ್ಪು. ಡಬ್ಬಿ ಮೇಲೆ ಮರುಕೋಟ್ ಸಮಯ ಬರೆದಿರುತ್ತದೆ, ಅದು ದಾಟಿದರೆ ಮೊದಲು ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಕು. ನೀವು ಮುಂದಿನ ಭಾನುವಾರಕ್ಕೆ ಬಿಡಬಹುದಾದ್ದು ಈ ಹಂತ ಮಾತ್ರ. ಪಾಲಿಯುರೆಥೇನ್ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಒಮ್ಮೆ ಅದು ಮೈಗೆ ಅಲರ್ಜಿ ಆಯಿತು ಅಂದರೆ ಆಮೇಲೆ ಸ್ವಲ್ಪ ವಾಸನೆಗೂ ಉಬ್ಬಸ ಬರುತ್ತದೆ. ಹೊರಗಿನ ಗಾಳಿಯ ಮಾಸ್ಕ್ ಇಲ್ಲದಿದ್ದರೆ ಹೊಡೆಯಬೇಡಿ.

ಎನಾಮೆಲ್‌ಸಾಕು

ಇಷ್ಟೆಲ್ಲಾ ಯಾಕೆ ಗುರು? ಮೆರವಣಿಗೆಗೆ ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುವ ಗಾಡಿ. ಎಪಾಕ್ಸಿ ಮೇಲೆ ಸುಮ್ನೆ ಬ್ರಶ್‌ನಲ್ಲಿ ಕಪ್ಪು ಎನಾಮೆಲ್ ಬಳಿಯಿರಿ. ನಾನು ಹಾಗೇ ಮಾಡಿದ್ದು, ಗೀರಾದರೆ ಅಲ್ಲೇ ತೇಪೆ ಹಾಕುತ್ತೇನೆ. ಮುಂದೆ ಮನಸ್ಸು ಬದಲಾಯಿಸಿ ಅದರ ಮೇಲೆ ಎರಡು ಪ್ಯಾಕ್ ಹೊಡೆಯಲು ಮಾತ್ರ ಹೋಗಬೇಡಿ, ಎನಾಮೆಲ್ ಸುಕ್ಕುಗಟ್ಟಿ ಮೇಲೆ ಏಳುತ್ತದೆ.

ರಿವೆಟ್‌ತಲೆ

ಬಣ್ಣದ ಜಗಳ ನಿಮಗೆ ಬಿಟ್ಟೆ. ನನ್ನ ಚಿಂತೆ ಬ್ಲಾಸ್ಟಿಂಗ್ ಮುಟ್ಟದ ಜಾಗದ್ದು. ಕ್ರಾಸ್ ಮೆಂಬರ್ (ಅಡ್ಡ ತೊಲೆ) ಮತ್ತು ಉದ್ದದ ಚಾನಲ್ ಕೂಡುವಲ್ಲಿ ಎರಡು ತಗಡಿನ ಮಧ್ಯೆ ಗ್ರಿಟ್ ಹೋಗುವುದಿಲ್ಲ. ತುಕ್ಕು ಮಾತ್ರ ಒಳಗೆ ಸೇರಿಕೊಳ್ಳುತ್ತದೆ! ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ಬೇಕು, ಹಾಗಾಗಿ ಒಳಗಿಂದ ಒತ್ತಿ ಒತ್ತಿ ತಗಡನ್ನೇ ಬಾಗಿಸುತ್ತದೆ. ಸ್ಕೇಲ್ ಇಟ್ಟು ನೋಡಿ. ರಿವೆಟ್ ಮಧ್ಯೆ ಉಬ್ಬಿದ್ದರೆ ಆ ಜಾಯಿಂಟ್ ಬಿಚ್ಚಲೇಬೇಕು. ಉಬ್ಬಿಲ್ಲದಿದ್ದರೆ ತೆಳ್ಳಗಿನ ಎಪಾಕ್ಸಿ ಸಂದಿಗೆ ಇಳಿಯಲು ಬಿಡಿ, ಆಮೇಲೆ ಸೀಲರ್.

ಪೌಡರ್ ಕೋಟಿಂಗ್ ನನಗೆ ಇಷ್ಟ ಇಲ್ಲ, ಕಾರಣ ಇದೇ. ಸಂದಿಯಿಂದ ತೇವ ಅದರ ಅಡಿಗೆ ನುಸುಳಿತು ಅಂದರೆ ಮೇಲೆ ಹೊಳಪು, ಕೆಳಗೆ ತುಕ್ಕು, ಒಂದು ದಿನ ಹಾಳೆ ಹಾಗೆ ಕಿತ್ತು ಬರುತ್ತದೆ.

ಚಾಸಿ ನಂಬರ್ ಮರೆಯಬೇಡಿ. ಫೋಟೋ ತೆಗೆದು, ಪೆನ್ಸಿಲ್ ಅಚ್ಚು ಇಟ್ಟುಕೊಂಡು, ದಪ್ಪ ರಬ್ಬರ್ ಮುಚ್ಚಿ ಟೇಪ್ ಸುತ್ತಿ. ನಂಬರ್ ಸವೆದರೆ ಕಾಗದಪತ್ರದ ಗೋಳು ಬೇರೆ. ಥ್ರೆಡ್ ಇರುವ ತೂತಿಗೆ ಹಳೇ ಬೋಲ್ಟ್ ತಿರುಗಿಸಿಡಿ.

ಹಳೇಗಾಲಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗ್ರೀಸ್ ಕೆರೆದು ಸೀಮೆಎಣ್ಣೆ, ಆಮೇಲೆ ಸೋಪು ನೀರು ಹಾಕಿ ತೊಳೆದೆ. ಜಾಯಿಂಟ್ ಎಲ್ಲೂ ಉಬ್ಬಿಲ್ಲ. ಆದರೆ ಹಿಂದಿನ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್) ಪಕ್ಕ, ರಿವೆಟ್ ತೂತಿನಿಂದ ಕೂದಲಿನಂಥ ಒಂದು ಗೆರೆ ಕಾಣುತ್ತಿದೆ. ಗೀರೋ ಬಿರುಕೋ ಗೊತ್ತಾಗುತ್ತಿಲ್ಲ.

ರಿವೆಟ್‌ತಲೆ

ಈಗಲೇ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಗುರುತು ಹಾಕಿಡಿ. ಗ್ರಿಟ್ ಬಡಿದು ಸಣ್ಣ ಬಿರುಕಿನ ಬಾಯಿ ಮುಚ್ಚಿಹೋಗುವುದೂ ಉಂಟು, ಹಾಗಾಗಿ ಅಲ್ಲಿ ಬಣ್ಣ ಕೈಯಲ್ಲೇ ತೆಗೆದು, ಬ್ಲಾಸ್ಟಿಂಗ್‌ಗೆ ಮೊದಲೇ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ಕಾಣಿಸುವ ಬಣ್ಣದ ದ್ರವ) ಹಾಕಿ ನೋಡಿ. ಬಿರುಕಾಗಿದ್ದರೆ ತುದಿಯಲ್ಲಿ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಆಮೇಲೆ ಚಾಸಿ ಕೆಲಸ ಗೊತ್ತಿರುವ ವೆಲ್ಡರ್‌ಗೆ ತೋರಿಸಿ. ಮೇಲೆ ಒಂದು ಪಟ್ಟಿ ಅಂಟಿಸಿ ಬಣ್ಣ ಹೊಡೆದು ಮುಚ್ಚಬೇಡಿ.

ಹಳೇಗಾಲಿ

ಬಿರುಕೇ. ಕೆಂಪು ಗೆರೆ ಸ್ಪಷ್ಟವಾಗಿ ಬಂತು, ಎರಡು ಬೆರಳು ಉದ್ದ. ವೆಲ್ಡರ್ ಗುರುವಾರ ಬರುತ್ತಾರೆ. ಬ್ಲಾಸ್ಟಿಂಗ್ ಅದರ ನಂತರದ ಸೋಮವಾರ, ಅವತ್ತು ಮತ್ತು ಮಾರನೇ ದಿನ ಎರಡಕ್ಕೂ ರಜೆ ಬರೆದುಕೊಟ್ಟಿದ್ದೇನೆ.